ಮುದ್ದೆಯ ಬಾಯಲ್ಲೇನಿದೆ

ಪಕ್ಕದ ಮನೆಯ ಹೊಲಿಗೆ ಯಂತ್ರ ಇದ್ದಕ್ಕಿದ್ದಂತೆ ‘ಟಕ್’ ಎಂದು ನಿಂತಿತು. ಸೂಜಿ ಮುರಿದಿರಬೇಕು. ಮುರಿದದ್ದು ಅವರ ಸೂಜಿ, ಎದ್ದು ನಿಂತವಳು ನಾನು. ನಮ್ಮ ನಾಯಿ ಎಲ್ಲಿದೆ ಎಂದು ಪಡಸಾಲೆ, ಹಿತ್ತಿಲು, ಮಂಚದ ಕೆಳಗೆ ಎಲ್ಲ ಹುಡುಕಿಕೊಂಡು ಬಂದೆ. ಅದು ಹೊಸ್ತಿಲ ಹತ್ತಿರ ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು. ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿತು. ನೀವು ನಗಬಹುದು, ನಮ್ಮ ಅತ್ತೆಯೂ ನಗುತ್ತಾರೆ. ಆದರೆ ಆ ಸದ್ದು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ.

ಹಾಗೆ ನೋಡಿದರೆ, ಕೂರುವುದು ನನಗೆ ಎಂದೂ ಬಂದದ್ದಲ್ಲ. ಮಡಕಶಿರಾ ಕಡೆಯ ತವರಿನಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತ ಬೆಳೆದವಳು ನಾನು. ಆ ಹುಳುಗಳಿಗೆ ಹೊತ್ತು ಹೊತ್ತಿಗೆ ತಿನ್ನಲು ಕೊಡುವುದರಲ್ಲೇ ಮನೆಮಂದಿಯ ಕಾಲು ಸವೆಯುತ್ತಿತ್ತು. ಮದುವೆಯಾಗಿ ರಾಯದುರ್ಗಕ್ಕೆ ಬಂದರೆ ಇಲ್ಲಿ ಎಲ್ಲವೂ ಕೂತು ಮಾಡುವ ಕೆಲಸ. ಬಳ್ಳಾರಿಯಿಂದ ಜೀನ್ಸ್ ಬಟ್ಟೆ ಕತ್ತರಿಸಿ ಬಂಡಲು ಕಟ್ಟಿ ಕಳಿಸುತ್ತಾರೆ, ನಾವು ಮನೆಯಲ್ಲೇ ಹೊಲಿದು ವಾಪಸು ಕೊಡುತ್ತೇವೆ. ಅತ್ತೆ ಯಂತ್ರದ ಮುಂದೆ ಕೂತರೆ ಏಳುವುದು ಊಟಕ್ಕೇ. ನಾನು ಒಂದು ಜೇಬು ಹೊಲಿದು ನೀರು ಕುಡಿಯಲು ಏಳುತ್ತಿದ್ದೆ, ಇನ್ನೊಂದು ಹೊಲಿದು ಬಾಗಿಲಲ್ಲಿ ಯಾರೋ ಬಂದಂತಾಯಿತು ಎಂದು ಏಳುತ್ತಿದ್ದೆ. ಯಾರೂ ಬಂದಿರುತ್ತಿರಲಿಲ್ಲ.

“ಯಾಕವಾ, ಕುರ್ಚಿಗೆ ಮುಳ್ಳು ಹತ್ಯಾವೇನು?” ಎನ್ನುತ್ತಿದ್ದರು ಅತ್ತೆ.

ಇಂಥ ಮನೆಗೆ ನಾನೊಂದು ನಾಯಿಮರಿ ತಂದೆ. ನಾಲ್ಕೈದು ವರ್ಷದ ಹಿಂದೆ ತವರಿಗೆ ಹೋಗಿದ್ದಾಗ, ಕುರಿ ಸಾಕುವ ನನ್ನ ತಮ್ಮ, ಹಿಂಡಿನ ನಾಯಿ ಹಾಕಿದ ಮರಿಗಳಲ್ಲೊಂದನ್ನು ನನ್ನ ಮಡಿಲಲ್ಲಿಟ್ಟ. “ತಗಂಡೋಗಕ್ಕ, ಆ ಊರಾಗೆ ನಿಂಗೂ ನಮ್ಮೋರು ಅಂತ ಒಬ್ರಿರ್ಲಿ” ಎಂದ. ದುಂಡಗೆ, ರಾಗಿ ಬಣ್ಣಕ್ಕಿತ್ತು. ಮುದ್ದೆ ಎಂದು ಹೆಸರಿಟ್ಟೆ. “ಉಣ್ಣೋದರ ಹೆಸರು ಹಿಡಿದು ನಾಯಿ ಕರೀತಾರೇನು?” ಎಂದು ಅತ್ತೆ ಮೂಗು ಮುರಿದರು. ಆಮೇಲೆ ಅವರೇ ಮುದ್ದೆ, ಮುದ್ದೆ ಎಂದು ಕರೆದು ರೊಟ್ಟಿ ಹಾಕತೊಡಗಿದರು. ಹೊಸ ಊರಿನಲ್ಲಿ ನನ್ನೂರಿನ ಜೀವವೆಂದರೆ ಅದೊಂದೇ. ಅದರ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಆದರೆ ಮುದ್ದೆಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಗುಂಡಿ, ದಾರದ ಸಿಂಬಿ, ಜಿಪ್ಪಿನ ಕೊಂಡಿ, ಗುರುತು ಹಾಕುವ ಸೀಮೆಸುಣ್ಣ, ಕೊನೆಗೆ ಅತ್ತೆಯ ಎಲೆಯಡಿಕೆಯ ಚೀಲ, ನೆಲದ ಮೇಲಿದ್ದದ್ದೆಲ್ಲ ಅದರದ್ದೇ. ನಾನು ಓಡಿಹೋಗಿ ಹಿಡಿದು, ದವಡೆ ಬಿಡಿಸಿ, ಬೆರಳು ಹಾಕಿ ತೆಗೆಯುತ್ತಿದ್ದೆ. ಮೊದಮೊದಲು ಅಗಿದು ಉಗುಳುತ್ತಿದ್ದ ಮರಿ ಸ್ವಲ್ಪ ದಿನಕ್ಕೇ ಹುಷಾರಾಯಿತು. ನನ್ನ ಹೆಜ್ಜೆ ಸದ್ದಾದರೆ ಸಾಕು, ಬಾಯಲ್ಲಿದ್ದದ್ದನ್ನು ಗುಳುಂ ಮಾಡಿ ಮುಖ ಸಪ್ಪೆ ಮಾಡಿಕೊಂಡು ನಿಲ್ಲುತ್ತಿತ್ತು. ಮರುದಿನ ಹಿತ್ತಿಲಲ್ಲಿ ಕಡ್ಡಿ ಹಿಡಿದು ಗುಂಡಿ ಬಂತೋ ಇಲ್ಲವೋ ಎಂದು ಹುಡುಕುವ ಭಾಗ್ಯ ನನ್ನದು. ತಮ್ಮನಿಗೆ ಫೋನ್ ಮಾಡಿ ಅಲವತ್ತುಕೊಂಡೆ. ಅವನು ಬಿದ್ದು ಬಿದ್ದು ನಕ್ಕ.

“ನೀನು ಕಿತ್ಕಣಾಕೆ ಬತ್ತೀಯ ಅಂತಾನೇ ಅದು ನುಂಗ್ತೈತೆ ಕಣಕ್ಕ. ಓಡ್ಬ್ಯಾಡ. ನಾಕು ಕಡ್ಲೆಕಾಯಿ ಬೀಜ ಮುಂದಿಟ್ಕಂಡು ಸುಮ್ಕೆ ಕೂತ್ಕ. ಅದೇ ತಂದು ಬಿಡ್ತೈತೆ.”

“ಸುಮ್ಕೆ ಕೂತ್ಕಣಾದಾ? ನಾನಾ?” ಎಂದೆ.

ಪ್ರಯತ್ನವನ್ನಂತೂ ಮಾಡಿದೆ. ಬೀಜ ಇಟ್ಟುಕೊಂಡು ಕೂರುತ್ತಿದ್ದೆ. ಮುದ್ದೆ ಅನುಮಾನ ಪಡುತ್ತ ಹತ್ತಿರ ಬರುತ್ತಿತ್ತು. ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ತಡೆಯಲಾರದೆ ಕೈ ಚಾಚುತ್ತಿದ್ದೆ. ಗುಳುಂ. ಅತ್ತೆ ಹೊಲಿಗೆ ನಿಲ್ಲಿಸದೆಯೇ “ಆ ಕೈ ಕಟ್ಟಿಹಾಕವಾ” ಎನ್ನುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯ ಯಂತ್ರದ ಸೂಜಿ ಮುರಿಯಿತು. ದಾರ ಸರಿಯಾಗಿ ಬರುತ್ತಿದೆಯೇ ಎಂದು ಮಡಚಿದ ಚೂರುಬಟ್ಟೆಯ ಮೇಲೆ ಹೊಲಿದು ನೋಡುತ್ತಿದ್ದರು. ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಸೂಜಿ ಮುರಿದರೆ ತುಂಡುಗಳೆಲ್ಲ ಸಿಕ್ಕಿ, ಜೋಡಿಸಿ ನೋಡಿ, ಸೂಜಿ ಪೂರ್ತಿಯಾಗುವ ತನಕ ಯಂತ್ರ ತುಳಿಯುವಂತಿಲ್ಲ. ಯಾವುದೋ ಪ್ಯಾಂಟಿನಲ್ಲಿ ಉಳಿದು ಯಾರಿಗೋ ಚುಚ್ಚೀತು ಎಂಬ ಭಯ. ಮೇಲಿನ ತುಂಡು ಯಂತ್ರದಲ್ಲೇ ಇತ್ತು. ಮೊನೆ ಇರಲಿಲ್ಲ.

“ಆ ಚೂರಿನಾಗ ಉಳದೈತಿ ನೋಡು” ಎಂದರು ಅತ್ತೆ. ಚೂರುಬಟ್ಟೆ ಕೆಳಗೆ ಬಿದ್ದಿರಬೇಕೆಂದು ಇಬ್ಬರೂ ಬಗ್ಗಿದೆವು. ಅಲ್ಲಿರಲಿಲ್ಲ. ಬಾಗಿಲ ಬಳಿ ಮುದ್ದೆ ನಿಂತಿತ್ತು, ತುಟಿಯ ಅಂಚಿನಲ್ಲಿ ನೀಲಿ ಬಟ್ಟೆ.

ನುಂಗಿದರೆ ಮುಗಿಯಿತು, ನಾನು ಒಂದು ಹೆಜ್ಜೆ ಇಟ್ಟರೆ ಅದು ನುಂಗುತ್ತದೆ. ಅತ್ತೆ ಏಳಲು ಹೋದರು. “ಏಳಬ್ಯಾಡ್ರಿ!” ಎಂದೆ. ರಾಯದುರ್ಗದ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲಿರಬೇಕು.

ಇದ್ದಲ್ಲೇ ನೆಲಕ್ಕೆ ಕೂತೆ. ಸೆರಗಿನ ತುದಿಯಲ್ಲಿದ್ದ ಬೀಜಗಳನ್ನು ಮುಂದೆ ಚೆಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ. ಮೈಯೆಲ್ಲ ಎದ್ದು ಓಡು ಎನ್ನುತ್ತಿತ್ತು. ಕಾಲಿನ ಬೆರಳುಗಳು ತಾವಾಗಿಯೇ ಆಡುತ್ತಿದ್ದವು, ಅವನ್ನೂ ಹಿಡಿದಿಟ್ಟುಕೊಂಡೆ. ಗೋಡೆಯ ಮೇಲೆ ಸುಣ್ಣ ಎದ್ದಿದ್ದ ಒಂದು ಜಾಗವಿತ್ತು, ಅದನ್ನೇ ನೋಡುತ್ತ ಕೂತೆ. ಉಗುರಿನ ಸದ್ದು ಸ್ವಲ್ಪ ಬಂತು, ನಿಂತಿತು. ಮತ್ತೆ ಬಂತು. ಮೊಣಕಾಲಿಗೆ ಬಿಸಿ ಉಸಿರು ತಾಗಿತು. ಆಗಲೂ ನಾನು ತಿರುಗಲಿಲ್ಲ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಸಪ್ಪಳ, ಆಮೇಲೆ ಬೀಜ ಅಗಿಯುವ ಸಪ್ಪಳ. ಅತ್ತೆ ಮೆಲ್ಲಗೆ ಬಂದು ಆ ಚೂರಿನ ಮೇಲೆ ಬುಟ್ಟಿ ಬೋರಲು ಹಾಕಿದರು.

ಮೊನೆ ಬಟ್ಟೆಯ ಮಡಿಕೆಯೊಳಗೇ ಇತ್ತು. ಅತ್ತೆ ತುಂಡುಗಳನ್ನು ಅಂಗೈಯಲ್ಲಿ ಜೋಡಿಸಿ ನನಗೆ ತೋರಿಸಿದರು, ಸೂಜಿ ಪೂರ್ತಿಯಾಗಿತ್ತು. ನಾನು ಮುದ್ದೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. “ಅಳ್ತಿ ಯಾಕ? ಕುಂತಿಯಲ್ಲ, ಅಷ್ಟ ಸಾಕು” ಎಂದರು ಅವರು. ಆ ದಿನ ಅವರೂ ಮತ್ತೆ ಯಂತ್ರ ಮುಟ್ಟಲಿಲ್ಲ.

ಮುದ್ದೆ ಈಗ ಏನನ್ನೂ ನುಂಗುವುದಿಲ್ಲ. ಸಿಕ್ಕಿದ್ದನ್ನು ತಂದು ನನ್ನ ಮುಂದೆ ಹಾಕುತ್ತದೆ. ಇತ್ತೀಚೆಗೆ ಇನ್ನೊಂದು ಹೊಸದು ಕಲಿತಿದೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಬಹಳ ಗಂಭೀರವಾಗಿ ಬಂದು ಎದುರಿಗೆ ನಿಲ್ಲುತ್ತದೆ. ಮೊದಲ ಸಲ ಹೆದರಿ ಕೂತೆ, ಬಹಳ ಹೊತ್ತು ಕಾದೆ. ಬಾಯಿ ಬಿಟ್ಟಾಗ ನೋಡಿದರೆ ಒಳಗೇನೂ ಇಲ್ಲ. ಬಾಯಿ ಮುಚ್ಚಿಕೊಂಡು ನಿಂತರೆ ನಾನು ಕೆಲಸ ಬಿಟ್ಟು ಕೂರುತ್ತೇನೆ, ಓಡಾಡುವುದಿಲ್ಲ ಎಂದು ಅದಕ್ಕೆ ಗೊತ್ತಾಗಿಬಿಟ್ಟಿದೆ. ಬೀಜ ಕೊಟ್ಟರೂ ತಿನ್ನುವುದಿಲ್ಲ, ನನ್ನ ತೊಡೆಗೆ ತಲೆಯಿಟ್ಟು ಮಲಗುತ್ತದೆ.

ಇದನ್ನು ಬರೆಯುತ್ತಿರುವಾಗ ಹೊಸ್ತಿಲಿನಿಂದ ಎದ್ದು ಬಂದಿದೆ. ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದೆ. ಬಾಯಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು. ಒಲೆಯ ಮೇಲೆ ಬೇಳೆ ಇದೆ, ಇವತ್ತಿನ ಬಂಡಲು ಇನ್ನೂ ಬಿಚ್ಚಿಲ್ಲ. ಒಲೆ ಆರಿಸಿ ಬಂದು ನೆಲದ ಮೇಲೆ ಕೂತೆ.