ಮೊದಲ ಮಳೆಯ ನೀರು

ಬೆಳಕಿನ್ನೂ ಹಳ್ಳಕ್ಕೆ ಇಳಿದಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ನೀರು ಬರುವ ದಿಕ್ಕಿಗೆ ಮುಖ ಮಾಡಿ ನಡುಹಳ್ಳದಲ್ಲಿ ನಿಂತಿದ್ದಾರೆ. ಕಾಲಿಟ್ಟಾಗ ಎದ್ದ ರಾಡಿ ಹಿಂದಕ್ಕೆ ಹರಿದು ಹೋಗುವವರೆಗೂ ಅಲುಗಾಡುವುದಿಲ್ಲ. ಆಮೇಲೆ ಬಗ್ಗಿ ಬಾಟಲಿ ಮುಳುಗಿಸುತ್ತಾರೆ, ಅದೇ ನೀರಲ್ಲಿ ಗಲಬರಿಸಿ ಬೆನ್ನ ಹಿಂದೆ ಚೆಲ್ಲುತ್ತಾರೆ, ಮತ್ತೆ ತುಂಬುತ್ತಾರೆ. ಇನ್ನೊಂದು ಬಾಟಲಿಯನ್ನು ಮಾತ್ರ ಗಲಬರಿಸುವುದಿಲ್ಲ. ಅದರ ತಳದಲ್ಲಿ ಪ್ರಯೋಗಾಲಯದವರು ಹಾಕಿಕೊಟ್ಟ ಆಮ್ಲದ ಹನಿಗಳಿವೆ. ನೀರಲ್ಲಿ ಕರಗಿದ ಲೋಹ ಬಾಟಲಿಯ ಗೋಡೆಗೆ ಅಂಟದಂತೆ ಕಾಯುವುದು ಅವೇ. ತೊಳೆದರೆ ಅವೂ ಹೋಗುತ್ತವೆ.

"ಕೆಳಗಿಂದ ಮೇಲಕ್ಕೇ ಹೋಗ್ಬೇಕು," ಅನ್ನುತ್ತಾರೆ ದಡ ಹತ್ತುತ್ತಾ. "ಮೇಲಿಂದ ಇಳಿದ್ರೆ ನನ್ನ ಕಾಲಿನ ಕೆಸರೇ ಮುಂದಿನ ಬಾಟಲೀಲಿ ಬಂದು ಕೂತಿರುತ್ತೆ."

ಸುತ್ತಲಿನವರಿಗೆಲ್ಲ ಇವರು ಬಾಟಲಿ ಅಕ್ಕ. ಹಳ್ಳದ ತಲೆಯ ಮೇಲೆ ಮುಚ್ಚಿಹೋದ ತಾಮ್ರದ ಗಣಿಯಿದೆ. ಅಲ್ಲಿ ಗಂಡ ಲಾರಿ ಓಡಿಸುತ್ತಿದ್ದರು, ಇವರು ಕಲ್ಲು ಆರಿಸುತ್ತಿದ್ದರು. ಗಣಿ ನಿಂತ ಮೇಲೆ ಅಗೆದು ಸುರಿದ ಕಲ್ಲುಮಣ್ಣಿನ ಗುಡ್ಡ ಉಳಿಯಿತು. ಮಳೆನೀರು ಅದರೊಳಗೆ ಇಳಿದು, ಹುಳಿಯಾಗಿ, ತುಕ್ಕಿನ ಬಣ್ಣ ಹೊತ್ತು ಹೊರಬಂತು. ಹಳ್ಳದ ಮೀನು ಹೋಯಿತು, ಕಪ್ಪೆ ಹೋಯಿತು. ಕೆಳಗಿನ ಕೇರಿಯವರು ದನಗಳಿಗೂ ದೂರದ ಬಾವಿಯಿಂದ ನೀರು ಹೊರುವಂತಾಯಿತು.

ಆಮೇಲೆ ಗುಡ್ಡಕ್ಕೆ ಜೇಡಿಮಣ್ಣು ಹೊದಿಸಿ ಹುಲ್ಲು ಬೆಳೆಸಿದರು. ಬುಡದಲ್ಲಿ ಒಸರುವ ನೀರು ಸುಣ್ಣಕಲ್ಲು ತುಂಬಿದ ಕಾಲುವೆಯಲ್ಲಿ ಹಾದು, ಹುಳಿ ಕಳೆದುಕೊಂಡು ಹಳ್ಳ ಸೇರುವಂತೆ ಮಾಡಿದರು. ಅದು ನಿಜಕ್ಕೂ ಆಗುತ್ತಿದೆಯೇ ಎಂದು ವಾರಕ್ಕೊಮ್ಮೆ ನಾಲ್ಕು ಕಡೆ ನೀರು ಹಿಡಿದು ನೋಡುವುದು ಬಾಟಲಿ ಅಕ್ಕನ ಕೆಲಸ. ಕೈಯಲ್ಲಿ ನೀರಿನ ಹುಳಿ ಅಳೆಯುವ ಪುಟ್ಟ ಮೀಟರು. "ಏಳರ ಹತ್ರ ತೋರಿಸಿದ್ರೆ ನೀರು ಸಮಾಧಾನವಾಗಿದೆ ಅಂತ. ನಾಲ್ಕಕ್ಕೆ ಇಳೀತೋ, ಸಿಟ್ಟು ಬಂದಿದೆ. ನಮ್ಮೆಜಮಾನ್ರಿಗೂ ಇಂಥದ್ದೊಂದು ಇದ್ದಿದ್ರೆ ಎಷ್ಟು ಚೆನ್ನಾಗಿರೋದು!"

ಐಸ್ ಪೆಟ್ಟಿಗೆಯನ್ನು ಬೈಕಿಗೆ ಬಿಗಿಯುತ್ತಿದ್ದ ಯಜಮಾನರು ತಿರುಗಿ ನೋಡುವುದೂ ಇಲ್ಲ. "ಇವಳ ಜೊತೆ ಬದುಕೋನಿಗೆ ಮೀಟರ್ ಯಾಕೆ, ಸುಣ್ಣಕಲ್ಲು ಬೇಕು."

ಕೆಳಗಿನ ಕೇರಿಯಲ್ಲಿ ಅಕ್ಕನ ತಮ್ಮ ಹಸು ಸಾಕಿಕೊಂಡು ಬದುಕುತ್ತಿದ್ದಾರೆ. ಮೊದಲ ಮಳೆಯ ನೀರೂ ಮಿತಿಯೊಳಗಿದ್ದರೆ ಮಾತ್ರ ಹಳ್ಳಕ್ಕೆ ದನ ಬಿಡಬಹುದು ಎಂಬುದು ನಿಯಮ. ಬೇಸಿಗೆಯಿಡೀ ಕಲ್ಲಿನ ಮೇಲೆ ಒಣಗಿ ಕೂತ ವಿಷವೆಲ್ಲ ಒಮ್ಮೆಲೇ ತೊಳೆದು ಬರುವುದು ಆ ಮಳೆಗೇ. ಹೋದ ವರ್ಷ ಹಾಗೊಂದು ಮಳೆ ಬಿದ್ದು ನೀರು ಕೆಂಪಾಗಿ ಏರುತ್ತಿದ್ದಾಗ ಅಕ್ಕ ಬೂಟು ಹಾಕಿ ಹೊರಟರು. ತಮ್ಮ ದಡದಲ್ಲೇ ಅಡ್ಡ ನಿಂತರು.

"ಅಕ್ಕಾ, ಸ್ವಲ್ಪ ತಡಿ. ಸಂಜೆ ಹೊತ್ತಿಗೆ ತಿಳಿಯಾಗುತ್ತೆ, ಆಗ ತುಂಬ್ಸು. ಯಾರು ಕೇಳ್ತಾರೆ?"

"ನಿನ್ನ ಹಸು ಕೇಳುತ್ತೆ ಕಣೋ. ಅದೇನು ಸಂಜೆವರೆಗೂ ಬಾಯಿ ಕಟ್ಕೊಂಡು ಕಾಯುತ್ತಾ?"

ಬಾಟಲಿ ತುಂಬಿತು. ತಾಮ್ರದ ಅಂಶ ಮಿತಿ ಮೀರಿತ್ತು. ದನ ಬಿಡುವಂತಿಲ್ಲ ಎಂಬ ಫಲಕ ಅಲ್ಲೇ ಉಳಿಯಿತು. ಆ ಮಳೆಗಾಲವಿಡೀ ತಮ್ಮ ಅಕ್ಕನ ಹೊಸ್ತಿಲು ತುಳಿಯಲಿಲ್ಲ. "ಹಾಲು ಕಳಿಸ್ತಿದ್ದ. ಮಾತು ಕಳಿಸ್ತಿರ್ಲಿಲ್ಲ," ಎಂದು ಅಕ್ಕ ಈಗ ನಗುತ್ತಾರೆ. ಆಗ ನಕ್ಕಿರಲಿಕ್ಕಿಲ್ಲ.

ಅದೇ ಅಂಕಿ ಹಿಡಿದು ಪ್ರಯೋಗಾಲಯದ ಮೇಡಂ ಬಂದರು. ಅಕ್ಕನೂ ಅವರೂ ಕಾಲುವೆಯುದ್ದಕ್ಕೂ ನಡೆದರು. ಮೇಡಂ ಒಂದು ಕಲ್ಲೆತ್ತಿ ಒಡೆದು ನೋಡಿದರೆ ಒಳಗೆ ಬೆಳ್ಳಗೆ ಸುಣ್ಣ, ಹೊರಗೆ ಗಟ್ಟಿ ತುಕ್ಕಿನ ಸಿಪ್ಪೆ. ಸುಣ್ಣ ನೀರಿಗೆ ತಾಗುತ್ತಲೇ ಇರಲಿಲ್ಲ. "ಆಯಮ್ಮನಿಗೆ ಕೈ ಮುಗೀಬೇಕು. ಅವರು ಆ ಕಲ್ಲು ಒಡೀದೇ ಇದ್ದಿದ್ರೆ ನಾನು ಸುಮ್ಮನೆ ಬಾಟಲಿ ತುಂಬ್ತಾನೇ ಇರ್ತಿದ್ದೆ," ಅನ್ನುತ್ತಾರೆ ಅಕ್ಕ.

ಮರುಬೇಸಿಗೆಯಲ್ಲಿ ಕಾಲುವೆಯ ಕಲ್ಲನ್ನೆಲ್ಲ ಹೊರಳಿಸಿ, ಉಜ್ಜಿ, ತೀರಾ ಕೆಟ್ಟದ್ದನ್ನು ಬದಲಿಸುವ ಕೆಲಸ ಹಿಡಿದರು. ಕೆಳಗಿನ ಕೇರಿಯಿಂದ ಹಾರೆ ಹಿಡಿದು ಬಂದವರಲ್ಲಿ ತಮ್ಮನೇ ಮುಂದಿದ್ದರು.

"ಏನೋ, ದಾರಿ ತಪ್ಪಿ ಬಂದ್ಯಾ?"

"ನಿನ್ನ ನೋಡೋಕಲ್ಲ. ಕಲ್ಲು ನೋಡೋಕೆ."

ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿಯಿಂದ ಉಂಡರು.

ಈ ವರ್ಷ ಮೊದಲ ಗುಡುಗಿಗೇ ಅಕ್ಕನ ಫೋನು ಬಡಿದುಕೊಂಡಿತು. "ಅಕ್ಕಾ, ನೀರು ಏರ್ತಾ ಇದೆ, ತಿಳಿಯಾಗೋಕೆ ಮುಂಚೆ ಬಾ!" ಎಂದು ತಮ್ಮನೇ ಕೂಗುತ್ತಿದ್ದರು. ಹಿಡಿದ ನೀರು ಪರೀಕ್ಷೆಗೆ ಹೋಯಿತು. ತಾಮ್ರ ಮಿತಿಯೊಳಗೇ ಇತ್ತು. ಕಳೆದ ವಾರ ಫಲಕ ಕಿತ್ತರು. ಮನುಷ್ಯರು ಕುಡಿಯುವುದಕ್ಕೆ ಇನ್ನೂ ಕಾಲವಿದೆ, ದನಕ್ಕೆ ಅಡ್ಡಿಯಿಲ್ಲ.

"ಅವತ್ತು ಇವಳು ನನ್ನ ಮಾತು ಕೇಳಿದ್ದಿದ್ರೆ ಇವತ್ತು ಈ ಕೊಟ್ಟಿಗೆ ಖಾಲಿ ಇರ್ತಿತ್ತು," ಎಂದು ತಮ್ಮ ಹಸುವಿನ ಕತ್ತು ಸವರುತ್ತಾರೆ. ಅಕ್ಕನ ಎದುರಿಗೆ ಇದನ್ನು ಹೇಳಿದ್ದೀರಾ ಎಂದರೆ, "ಹೇಳಿದ್ರೆ ಹಿಡಿಯೋಕಾಗುತ್ತಾ ಅವಳನ್ನ!" ಅನ್ನುತ್ತಾರೆ.

ಅಕ್ಕನಿಗೆ ಹೇಳಿಸಿಕೊಳ್ಳುವ ಆಸೆಯೂ ಇದ್ದಂತಿಲ್ಲ. ಫಲಕ ಕಿತ್ತ ದಿನದ ಮಾತು ಬಂದರೆ ಸಾಕು, ಕೈಯಲ್ಲಿರುವ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಮೆಲ್ಲಗೆ ಹೇಳುತ್ತಾರೆ:

"ಹಸು ನೀರಿಗೆ ಬಾಯಿ ಹಾಕೋಕೆ ಹೋಯ್ತು. ಇವನು ಹಗ್ಗ ಜಗ್ಗಿ ಹಿಡ್ಕೊಂಡು ನನ್ನ ಮುಖ ನೋಡ್ದ. ಇಷ್ಟು ವರ್ಷ ಬೇಡ, ಬೇಡ ಅಂತಲೇ ಹೇಳ್ಕೊಂಡು ಬಂದಿದ್ದೆ ನೋಡಿ. ಅವತ್ತು, ಕುಡೀಲಿ ಬಿಡೋ, ಅಂದೆ."