ಬಾಗಿಲ ಮೇಲಿನ ನಾಲ್ಕು ಬೆರಳು

ನಮ್ಮ ಬೀದಿಯಲ್ಲಿ ಅಪ್ಪನ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ‘ನಾನೇ’. ನಲ್ಲಿ ಸೋರಿದರೆ ‘ನಾನೇ ಮಾಡ್ತೀನಿ’, ಫ್ಯೂಸ್ ಹೋದರೆ ‘ನಾನೇ ನೋಡ್ತೀನಿ’, ನನ್ನ ಚಪ್ಪಲಿ ಕಿತ್ತರೂ ‘ಎಲ್ಲಿ, ಇಲ್ಲಿ ಕೊಡು, ನಾನೇ ಹೊಲೀತೀನಿ’. ರಿಪೇರಿಗೆಂದು ಹೊರಗಿನವರು ನಮ್ಮ ಮನೆಯೊಳಗೆ ಕಾಲಿಟ್ಟದ್ದು ನನಗೆ ನೆನಪಿಲ್ಲ. ನಲ್ಲಿ ಆಮೇಲೂ ಸೋರುತ್ತಿತ್ತು, ಅದು ಬೇರೆ ಮಾತು. ಅವನು ಬಿಚ್ಚಿ ಜೋಡಿಸಿದ ಫ್ಯಾನು ಒಂದಿಡೀ ಬೇಸಿಗೆ ಉಲ್ಟಾ ತಿರುಗಿ ಸೂರಿಗೆ ಗಾಳಿ ಬೀಸಿತು. ಕೇಳಿದರೆ, “ಸೆಖೆ ಮೇಲಿಂದ ತಾನೇ ಬರೋದು?” ಅಂದ.

ಹೊಟ್ಟೆಪಾಡಿಗೆ ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕೊಯ್ಯುವುದರಲ್ಲಿ ಮಾತ್ರ ಅವನನ್ನು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ. ಅಳತೆಪಟ್ಟಿ ಇಟ್ಟು, ಉಸಿರು ಬಿಗಿಹಿಡಿದು, ಒಂದೇ ಗೆರೆ. ತಪ್ಪಿದರೆ ತಿದ್ದಲು ಬರುವುದಿಲ್ಲ, ಗಾಜು ಕಸಕ್ಕೆ. ದಿನವಿಡೀ ಹೀಗೆ ಜೀವ ಕೈಲಿ ಹಿಡಿದುಕೊಂಡು ದುಡಿದವನಿಗೆ ಸಂಜೆ ತಿದ್ದಬಹುದಾದ ಸಾಮಾನೊಂದು ಸಿಕ್ಕರೆ ಖುಷಿಯೋ ಖುಷಿ. ಅವನ ಈ ಚಟವನ್ನು ನಾನು ಕ್ಷಮಿಸುವುದಾದರೆ ಇದೊಂದೇ ಕಾರಣಕ್ಕೆ.

ಕಾರು ಕೊಂಡದ್ದು ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ. ಯಾರೋ ಓಡಿಸಿ ಬಿಟ್ಟ ಹಳೆಯ ಕಾರು, ಕಡುನೀಲಿ ಬಣ್ಣ. ಅಪ್ಪ ಅದನ್ನು ದಿನಾ ಒರೆಸುತ್ತಿದ್ದ. ಎಷ್ಟೆಂದರೆ, ನಾನು ಜ್ವರ ಬಂದು ಮಲಗಿದಾಗಲೂ ಅವನು ನನ್ನ ಹಣೆಯನ್ನು ಅಷ್ಟು ಸಲ ಮುಟ್ಟಿದ್ದಿಲ್ಲ.

ಅದೇ ವರ್ಷ ಅಜ್ಜಿ, ಅಂದರೆ ಅಮ್ಮನ ಅಮ್ಮ, ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಅವಳಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ. ಬಸ್ಸಿನಲ್ಲಾದರೆ ನಡುವೆ ಇಳಿದು ಹತ್ತಬೇಕು. ಭಾನುವಾರ ಅಪ್ಪನೇ ಕರೆದುಕೊಂಡು ಹೋಗುತ್ತಿದ್ದ. ಹೋಗುವುದೇನೋ ಸರಿ, ಕೂರುವುದೇ ಕಷ್ಟ. ಅಮ್ಮ ಅಜ್ಜಿಯ ತಲೆ ಬಾಚಲು ಶುರು ಮಾಡಿದ್ದಾಳೋ ಇಲ್ಲವೋ, ಬಾಗಿಲ ಹತ್ತಿರ ಕೀಲಿ ಸದ್ದು ಮಾಡುತ್ತಿತ್ತು. “ಹೊರಡೋಣ್ವಾ?” ಅಮ್ಮ ಅರ್ಧ ಹೆಣೆದ ಜಡೆಯನ್ನು ಮಾವನ ಹೆಂಡತಿಯ ಕೈಗೆ ಕೊಟ್ಟು ಏಳುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಹೇಳಿದಳು. “ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದ್ದೀನಿ.”

“ಯಾಕೆ? ನಾನೇ ಇದ್ದೀನಲ್ಲ.”

“ಅದಕ್ಕೇ,” ಅಂದಳು ಅಮ್ಮ, ಸಾರು ಬಡಿಸುತ್ತ.

ಅಮ್ಮ ಏನನ್ನಾದರೂ ತನಗಾಗಿ ಬೇಕು ಅಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಜಪ್ಪಯ್ಯ ಅಂದರೂ ಬಿಡದೆ ಕಲಿತಳು. ಲೈಸೆನ್ಸ್ ಬಂದ ದಿನ ಅಜ್ಜಿಗೆ ಫೋನು ಮಾಡಿ, “ಇನ್ಮೇಲೆ ನನ್ನ ಇಷ್ಟ ಬಂದಾಗ ಬರ್ತೀನಮ್ಮ, ಇಷ್ಟ ಬಂದಾಗ ಹೋಗ್ತೀನಿ,” ಎಂದು ಹುಡುಗಿಯ ಹಾಗೆ ನಕ್ಕಳು.

ಮೊದಲ ಸಲ ಒಬ್ಬಳೇ ಹೊರಟದ್ದು ಒಂದು ಬುಧವಾರ. ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬ ಎಡಗಡೆಯ ಬಾಗಿಲನ್ನು ಒರೆಸಿಕೊಂಡಿತು. ಹಿಡಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲದ ತಗ್ಗು, ಅದರ ಬೆನ್ನಿಗೆ ಮೊಳದುದ್ದ ಗೀರು. ಅಮ್ಮ ಕಾರನ್ನು ಮತ್ತೆ ಒಳಗೆ ನಿಲ್ಲಿಸಿ, ಅಪ್ಪ ಬರುವವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು.

ಅಪ್ಪ ಬೈಯಲಿಲ್ಲ. ಇದನ್ನು ಹೇಳಲೇಬೇಕು. ಬಗ್ಗಿ ನೋಡಿದ, ಅಂಗೈಯಿಂದ ಸವರಿದ, “ಹೋಗ್ಲಿ ಬಿಡು, ತಗಡು ತಾನೇ. ಗಾಜಾಗಿದ್ರೆ ಕಷ್ಟ ಇತ್ತು. ನಾನೇ ಸರಿ ಮಾಡ್ತೀನಿ,” ಅಂದ.

“ಹಾಗೇ ಇರ್ಲಿ ಬಿಡ್ರೀ. ಓಡೋದಕ್ಕೆ ಏನೂ ತೊಂದ್ರೆ ಇಲ್ವಲ್ಲ. ನಾಳೆ ಅಮ್ಮನ ಹತ್ರ ಹೋಗ್ಬೇಕು.”

“ಈ ಮುಖ ಹೊತ್ಕೊಂಡು ರಸ್ತೆಗೆ ಹೋಗೋದಾ? ನೋಡಿದೋರು ಏನಂತಾರೆ? ಸ್ವಲ್ಪ ದಿನ ತಡ್ಕೋ.”

ಕೀಲಿ ಅಪ್ಪನ ಜೇಬಿಗೆ ಹೋಯಿತು.

ಮೊದಲು ಕುದಿಯುವ ನೀರು ಸುರಿದು, ಸಿಂಕಿನ ಕಸ ಎಳೆಯುವ ರಬ್ಬರ್ ಬಟ್ಟಲನ್ನು ತಗ್ಗಿಗೆ ಒತ್ತಿ ಎಳೆದ. ಬಟ್ಟಲು ಪಚಕ್ಕೆಂದು ಕಿತ್ತು ಬಂದು ಅಪ್ಪ ಹೂಕುಂಡದ ಮೇಲೆ ಕೂತ. ತಗ್ಗು ಇದ್ದ ಹಾಗೇ ಇತ್ತು. ಆಮೇಲೆ ಬಾಗಿಲ ಒಳಗಿನ ಹೊದಿಕೆ ಬಿಚ್ಚಿ, ಹೊರಗಿನಿಂದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿದು, ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯತೊಡಗಿದ. ದಿನಾ ಸಂಜೆ ಅಂಗಡಿಯಿಂದ ಬಂದವನೇ ಶುರು. ಟಣ್ ಟಣ್ ಟಣ್. ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು.

ಬೀದಿ ಮೂಲೆಯಲ್ಲಿ ಗ್ಯಾರೇಜು ಇಟ್ಟಿದ್ದ ಟಿಂಕರ್ ಗೇಟಿನಾಚೆ ನಿಂತು ನೋಡಿದ. “ಅಣ್ಣ, ನಾಳೆ ಬೆಳಗ್ಗೆ ಬಿಟ್ಟು ಹೋಗಿ, ಸಂಜೆ ತಗೊಂಡು ಹೋಗಿ. ಒಂದೇ ಜಾಗಕ್ಕೆ ಹೀಗೆ ಬಡೀತಾ ಇದ್ರೆ ತಗಡು ಹಿಗ್ಗುತ್ತೆ.”

“ಹಿಗ್ಗಲಿ ಬಿಡು, ಮನೇಲಿ ಅದಾದ್ರೂ ಹಿಗ್ಗಲಿ,” ಎಂದು ಅಪ್ಪ ನಕ್ಕ.

ಹಿಗ್ಗಿತು. ಬೆರಳಿಂದ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ, ಖಾಲಿ ಡಬ್ಬಿಯ ಮುಚ್ಚಳದ ಹಾಗೆ ಡಬಕ್ ಡಬಕ್ ಎನ್ನತೊಡಗಿತು. ಅಪ್ಪ ಹಟ ಬಿಡಲಿಲ್ಲ. ಅದನ್ನು ಕಾಯಿಸಿ, ಒದ್ದೆ ಬಟ್ಟೆ ಒತ್ತಿ, ಹಾಗೂ ಹೀಗೂ ದಾರಿಗೆ ತಂದ. ಮೇಲೆ ಪುಟ್ಟಿ ಮೆತ್ತಿದ. ಒಣಗಿದ ಮೇಲೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ, ನೀರು ಹಾಕಿ ತಿಕ್ಕಿದ. ಮತ್ತೆ ಪುಟ್ಟಿ, ಮತ್ತೆ ತಿಕ್ಕುವುದು. ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ, “ಇಲ್ಲಿ ಇನ್ನೊಂದು ಚೂರು,” ಅನ್ನುತ್ತಿದ್ದ. ಆ ಹೊತ್ತಿನಲ್ಲಿ ಅವನ ಮುಖ ಚೆಂದ ಇರುತ್ತಿತ್ತು, ಸುಳ್ಳು ಹೇಳಬಾರದು. ಅಮ್ಮನಿಗೆ ಅದು ಚೆಂದ ಕಾಣಲಿಲ್ಲ. ಅವಳ ಪಾಲಿಗೆ ಆ ಸದ್ದು, ಆ ಧೂಳು, ಗೇಟಿಗೆ ಬಂದು ಬಗ್ಗಿ ನೋಡಿ ಹೋಗುವ ನೆರೆಹೊರೆಯವರು, ಎಲ್ಲ ಸೇರಿ ದಿನಾ ಸಂಜೆಯ ಬೈಗುಳವೇ. ಅಪ್ಪ ಬಾಯಿಬಿಟ್ಟು ಒಂದು ಸಲ ಬೈದು ಮುಗಿಸಿದ್ದರೆ ವಾಸಿಯಿತ್ತು.

ನಡುವೆ ಎರಡು ಭಾನುವಾರ ಕಳೆದವು. ಅಮ್ಮ ಒಂದು ಸಲ ಬಸ್ಸಿನಲ್ಲಿ ಹೋಗಿ ಬಂದಳು. ಇನ್ನೊಂದು ಸಲ ಅಪ್ಪ, “ಇನ್ನೇನು ಮುಗೀತು, ಮುಂದಿನ ವಾರ ಹೊಸಾ ಕಾರಲ್ಲಿ ಹೋಗುವಿಯಂತೆ,” ಅಂದ. ಅವಳು ನಂಬಿದಳು.

ಕಡೆಗೂ ಬಣ್ಣದ ದಿನ ಬಂತು. ಗಾಜಿಗೆಲ್ಲ ಹಳೆಯ ಪೇಪರು ಅಂಟಿಸಿ, ಧೂಳೇಳದಂತೆ ಅಂಗಳಕ್ಕೆ ನೀರು ಚಿಮುಕಿಸಿ, ಇಡೀ ಬಾಗಿಲಿಗೆ ಅಪ್ಪ ಡಬ್ಬಿಯಿಂದ ಕಡುನೀಲಿ ಸಿಂಪಡಿಸಿದ. ಕೊನೆಯ ಪದರ ಮುಗಿದಾಗ ಸಂಜೆಯಾಗಿತ್ತು. ಬಾಗಿಲಲ್ಲಿ ಎದುರಿನ ಮನೆಯ ಬಾಲ್ಕನಿ, ಅಲ್ಲಿ ಒಣಹಾಕಿದ ಬಟ್ಟೆ, ಎಲ್ಲ ಕಾಣುತ್ತಿತ್ತು. ಅಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತ.

ಆಗಲೇ ಮಾವನ ಫೋನು ಬಂತು. “ಅಕ್ಕಾ, ಗಾಬರಿ ಏನಿಲ್ಲ. ಅಮ್ಮ ಮಧ್ಯಾಹ್ನದಿಂದ ನಿನ್ನ ಹೆಸರೇ ಹೇಳ್ತಿದ್ದಾಳೆ. ಸಾಧ್ಯ ಆದ್ರೆ ಬಂದು ಹೋಗು.”

ಅಮ್ಮ ಉಟ್ಟ ಸೀರೆಯಲ್ಲೇ, ಕೈಚೀಲ ಹಿಡಿದು ಅಂಗಳಕ್ಕೆ ಬಂದಳು. “ರೀ, ಅಮ್ಮನ ಹತ್ರ ಹೋಗ್ಬೇಕು,” ಅನ್ನುತ್ತಲೇ ಬಾಗಿಲ ಹಿಡಿಗೆ ಕೈ ಚಾಚಿದಳು. ಅವಸರದಲ್ಲಿ ಹಿಡಿ ತಪ್ಪಿ ನಾಲ್ಕು ಬೆರಳು ಹಸಿ ಬಣ್ಣದ ಮೇಲೆ ಊರಿದವು.

“ಅಯ್ಯೋ, ಏನ್ ಮಾಡ್ಬಿಟ್ಟೆ! ಕಣ್ಣು ಕಾಣಲ್ವಾ ನಿಂಗೆ? ಇಷ್ಟು ದಿನದ ಕೆಲ್ಸ!” ಅಪ್ಪನ ದನಿ ಬೀದಿಗೆ ಕೇಳಿತು. ತಗ್ಗು ಬಿದ್ದಾಗ ಬೈಯದವನು ಅದನ್ನೂ ಇದನ್ನೂ ಸೇರಿಸಿ ಬೈದ.

ಅಮ್ಮ ನೀಲಿಯಾದ ಬೆರಳುಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ಗಾಬರಿ ಏನಿಲ್ಲ ಅಂದ ತಮ್ಮ, ಆದ್ರೆ ಅಮ್ಮ ಕರೀತಿದ್ದಾಳಂತೆ ರೀ.”

“ಈಗ ಹೊರಗೆ ತೆಗೆದ್ರೆ ರಸ್ತೆ ಧೂಳೆಲ್ಲ ಇದಕ್ಕೇ ಮೆತ್ಕೊಳುತ್ತೆ. ಬಣ್ಣ ಒಣಗ್ಲಿ. ಗಾಬರಿ ಏನಿಲ್ಲ ಅಂತ ಅವನೇ ಹೇಳಿದ್ನಲ್ಲ? ಬೆಳಗ್ಗೆ ಎದ್ದ ತಕ್ಷಣ ನಾನೇ ಕರ್ಕೊಂಡು ಹೋಗ್ತೀನಿ.”

ಅಮ್ಮ ಒಳಗೆ ಹೋಗಿ ಸೀಮೆಎಣ್ಣೆಯಲ್ಲಿ ಬೆರಳು ಉಜ್ಜಿಕೊಂಡಳು. ಬಸ್ಸಿತ್ತು, ಆಟೋ ಇತ್ತು, ಹೋಗಬಹುದಿತ್ತಲ್ಲ ಎಂದು ಆಮೇಲೆ ಬಂದವರೆಲ್ಲ ಕೇಳಿದರು. ಅಷ್ಟು ಬೈಸಿಕೊಂಡ ಮೇಲೆ ಆ ಕಾರಿನ ಪಕ್ಕದಿಂದ ಹಾದು ಗೇಟು ತೆಗೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕೇಳಿದವರಿಗೆ ಅದು ಅರ್ಥವಾಗುವ ಮಾತಲ್ಲ.

ಬೆಳಗಾಗುವ ಮೊದಲೇ ಮಾವ ಮತ್ತೆ ಫೋನು ಮಾಡಿದ. ಈ ಸಲ ಗಾಬರಿ ಏನಿಲ್ಲ ಅನ್ನಲಿಲ್ಲ.

ನಾವು ಹೋದಾಗ ಅಜ್ಜಿಯ ಮೈ ತಣ್ಣಗಾಗಿತ್ತು. ಅಮ್ಮ ಪಕ್ಕದಲ್ಲಿ ಕೂತು ಅವಳ ತಲೆ ಬಾಚಿದಳು. ಸಿಕ್ಕು ಬಿಡಿಸಿ, ನಿಧಾನವಾಗಿ, ತುದಿಯವರೆಗೆ ಜಡೆ ಹೆಣೆದಳು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಹಾಗೇ ಇತ್ತು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಅವತ್ತು ಕೀಲಿ ಸದ್ದು ಮಾಡಲಿಲ್ಲ.

ಅಮ್ಮ ಮತ್ತೆ ಕಾರು ಮುಟ್ಟಲಿಲ್ಲ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಅಪ್ಪನಿಗೆ ಹೊತ್ತು ಹೊತ್ತಿಗೆ ಕಾಫಿ ಬಂತು. ತಿಂಗಳುಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಕೀಲಿಯನ್ನು ಅವಳ ಮುಂದೆ ಇಟ್ಟ. “ನೀನೇ ಓಡ್ಸು. ಎಲ್ಲಿ ಬೇಕಾದ್ರೂ ತಗುಲಿಸ್ಕೊಂಡು ಬಾ, ನಾನು ಕೇಳಲ್ಲ.” ಅವನು ಬೇಡಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ ಕೀಲಿಯನ್ನು ಮೊಳೆಗೆ ನೇತುಹಾಕಿದಳು. “ನಂಗಿನ್ನು ಒಬ್ಬಳೇ ಹೋಗೋಕೆ ಯಾವ ಮನೆ ಇದೆ ರೀ?” ಅಂದಳು.

ನನಗೆ ಅಪ್ಪನ ಮೇಲೆ ಇವತ್ತಿಗೂ ಸಿಟ್ಟಿದೆ. ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ. ಎರಡರಲ್ಲಿ ಒಂದನ್ನು ಬಿಡೋಣವೆಂದರೆ ಆಗಿಲ್ಲ.

ಕಾರು ಈಗಲೂ ಇದೆ. ತಗ್ಗು ಎಲ್ಲಿತ್ತೆಂದು ಯಾರೂ ಕಂಡುಹಿಡಿಯಲಾರರು, ಅಷ್ಟು ನಯವಾಗಿದೆ ಬಾಗಿಲು. ಹಿಡಿಯ ಪಕ್ಕದಲ್ಲಿ ನಾಲ್ಕು ಬೆರಳಿನ ಗುರುತು ಮಾತ್ರ ಒಣಗಿ ಉಳಿದಿದೆ. ಹತ್ತಿರದಿಂದ ನೋಡಿದರೆ ಬೆರಳ ಗೆರೆಗಳೂ ಕಾಣುತ್ತವೆ. ಚೂರು ಗೀರು ಸಹಿಸದ ಮನುಷ್ಯ ಅದಕ್ಕೆ ಕೈ ಹಚ್ಚಲಿಲ್ಲ. ಬೆಳಿಗ್ಗೆ ಕಾರು ಒರೆಸುವಾಗ ಅಲ್ಲಿಗೆ ಬಂದರೆ ಬಟ್ಟೆ ಅದನ್ನು ಮುಟ್ಟದೆ ಸುತ್ತಿ ಹೋಗುತ್ತದೆ.

ಮೊನ್ನೆ ಟಿಂಕರ್ ಅದನ್ನು ಕಂಡ. “ಅಣ್ಣ, ಇದೇನು ಹೀಗೆ ಬಿಟ್ಟಿದ್ದೀರಿ? ತಿಕ್ಕಿ ಒಂದು ಕೈ ಬಣ್ಣ ಹೊಡೆದ್ರೆ ಆಯ್ತು. ಕೊಡಿ, ಮಾಡಿಕೊಡ್ತೀನಿ.”

“ಬೇಡಪ್ಪ.”

“ಗೊತ್ತು ಬಿಡಿ,” ಟಿಂಕರ್ ನಕ್ಕ. “ನಾನೇ ಮಾಡ್ತೀನಿ ಅಂತೀರಿ.”

“ಇಲ್ಲ,” ಅಂದ ಅಪ್ಪ. “ಅದು ನಾನೇ ಮಾಡಿದ್ದು.”