ಬಿಳಿ ಹೊಗೆಯ ಸ್ಮೋಕರ್

ದಟ್ಟ ಬಿಳಿ ಹೊಗೆ ಬರುವ ಸ್ಮೋಕರ್ ಯಾವುದು ಎಂದು ಕೇಳಿದ ದಿನ ಗುಂಪಿನವರೆಲ್ಲ ನನ್ನ ಮೇಲೆ ಮುಗಿಬಿದ್ದರು. ಸ್ಮೋಕರ್ ಎಂಬ ಪೆಟ್ಟಿಗೆಯಲ್ಲಿಟ್ಟು ಮನೆಯಲ್ಲೇ ಮಾಂಸಕ್ಕೆ ಹೊಗೆ ಹಿಡಿಸುವ ಹವ್ಯಾಸದವರ ಆನ್‌ಲೈನ್ ಗುಂಪು ಅದು. ಅವರ ಶಾಸ್ತ್ರದಲ್ಲಿ ಒಳ್ಳೆಯ ಹೊಗೆ ಎಂದರೆ ಕಂಡೂ ಕಾಣದಂಥ ತೆಳು ನೀಲಿ ಹೊಗೆ. ಬಿಳಿ ಹೊಗೆ ಎದ್ದರೆ ಮಾಂಸ ಕಹಿ, ಎಬ್ಬಿಸಿದವರು ದಡ್ಡರು. ಕರೆಂಟಿನದು ತಗೊಳ್ಳಿ ಎಂದು ಒಬ್ಬರು; ಹೌದು, ಅದಾದರೆ ಅಕ್ಕಪಕ್ಕದವರಿಗೆ ವಾಸನೆಯೇ ಬರುವುದಿಲ್ಲ ಎಂದು ಇನ್ನೊಬ್ಬರು. ವಾಸನೆ ಬರದ ಪೆಟ್ಟಿಗೆ ಕಟ್ಟಿಕೊಂಡು ನಾನೇನು ಮಾಡಲಿ?

ನನಗೆ ಹನ್ನೊಂದು ತಿಂಗಳಿಂದ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಜ್ವರವೊಂದು ಬಂದು ನಾಲ್ಕು ದಿನ ಮಲಗಿಸಿ, ಹೋಗುವಾಗ ವಾಸನೆಯನ್ನೂ ಜೊತೆಗೆ ಒಯ್ದಿತ್ತು. ಸಿಟ್ಟೊಂದು ಮಾತ್ರ ಮೂಗಿನ ತುದಿಯಲ್ಲೇ ಉಳಿದಿತ್ತು. ನಾಗಪುರದ ಧರಮಪೇಠದ ಡಾಕ್ಟರು ಲವಂಗ, ನಿಂಬೆ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ ಮೂಸಲು ಹೇಳಿದ್ದರು. ಮೂರೂ ನನಗೆ ನೀರಿನ ಬಾಟಲಿಗಳೇ. ಚಳಿಗಾಲದಲ್ಲಿ ಊರಿಗೆ ಊರೇ ಕಿತ್ತಳೆ ಸುಲಿಯುವಾಗ ನಾನು ಸಿಪ್ಪೆಯ ಬಣ್ಣ ನೋಡುತ್ತ ಕೂತಿದ್ದೆ. ಇಲ್ಲಿಯ ಖಾರಕ್ಕೆ ಹೆಸರಾದ ಸಾವಜಿ ಮಟನ್ ತಿಂದರೆ ನಾಲಿಗೆ ಉರಿಯುತ್ತಿತ್ತು, ಅಷ್ಟೇ. ಎರಡು ಸಲ ಬೇಳೆ ತಳ ಹಿಡಿದು ಸೀದಾಗ ಪಕ್ಕದ ಕ್ವಾರ್ಟರ್ಸಿನವರು ಬಂದು ಬಾಗಿಲು ಬಡಿದರು. ನಾನು ಒಲೆಯ ಮುಂದೆಯೇ ನಿಂತಿದ್ದೆ.

ಅಂಥದರಲ್ಲಿ ಒಂದು ದಿನ, ಅವ್ವನ ಒಲೆಯ ಮೇಲೆ ಹಗ್ಗಕ್ಕೆ ಹಾಕಿರುತ್ತಿದ್ದ ಖಂಡದ ವಾಸನೆ ಹೇಗಿತ್ತು ಎಂದು ನೆನೆಸಿಕೊಳ್ಳಲು ಹೋದೆ. ಬರಲಿಲ್ಲ. ಉದ್ದುದ್ದ ಸೀಳಿ ಉಪ್ಪು ಅರಿಶಿನ ಹಚ್ಚಿದ ಮಾಂಸ, ಕೆಳಗೆ ಅರೆಹಸಿ ಜಾಲಿ ಕಟ್ಟಿಗೆಯ ಹೊಗೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅವ್ವ, ಎಲ್ಲವೂ ಕಣ್ಣಿಗೆ ಕಟ್ಟಿತು. ವಾಸನೆ ಮಾತ್ರ ಇಲ್ಲ. ಅವ್ವ ಹೋದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಯಾವುದಕ್ಕೂ ಬಗ್ಗದ ಮೂಗು ಆ ಹೊಗೆಗಾದರೂ ಬಗ್ಗೀತು ಎಂಬ ಹುಚ್ಚು ಹತ್ತಿದ್ದು ಆಗಲೇ. ಮುಳುಗುವವರಿಗೆ ಹುಲ್ಲುಕಡ್ಡಿಯೇ ಆಸರೆ.

ಇದನ್ನೆಲ್ಲ ಗುಂಪಿನಲ್ಲಿ ಬರೆದುಬಿಟ್ಟೆ. ಅರ್ಧ ದಿನದ ಮೇಲೆ, ನಮ್ಮೂರಿಗೆ ಹತ್ತಿರದ ಸಾವನೇರಿನ ಒಬ್ಬರು, ಕಲ್ಲಿದ್ದಲು ಗಣಿಯಿಂದ ನಿವೃತ್ತರಾದವರು, ಹಿಂದಿಯಲ್ಲಿ ಉತ್ತರ ಕೊಟ್ಟರು: ಈಗಲೇ ಏನೂ ಕೊಳ್ಳಬೇಡಿ. ಕಬ್ಬಿಣದ ಡ್ರಮ್ ಕೊರೆದು ನಾನೇ ಮಾಡಿದ ಸ್ಮೋಕರ್ ಇದೆ. ಭಾನುವಾರ ಬನ್ನಿ, ಎಷ್ಟು ಬೇಕೋ ಅಷ್ಟು ಕೆಟ್ಟ ಹೊಗೆ ಹಾಕಿಕೊಡುತ್ತೇನೆ.

ಭಾನುವಾರ ಗಂಡ ಸ್ಕೂಟರ್ ತೆಗೆದರು. ಅವರು ನನ್ನ ಸೋದರತ್ತೆಯ ಮಗನೇ. ರೈಲ್ವೆಯ ನೌಕರಿ ನಮ್ಮನ್ನು ನಾಗಪುರಕ್ಕೆ ತಂದು ಹಾಕುವ ಎಷ್ಟೋ ಮೊದಲು, ಶಾಲೆಯ ರಜೆಗಳನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ಕಳೆದವರು. ಸದರ್ ಬಜಾರಿನಿಂದ ಮಟನ್ ತಂದು, ಅವ್ವ ಮಾಡುತ್ತಿದ್ದ ಹಾಗೆಯೇ ಸೀಳಿ, ಉಪ್ಪು ಅರಿಶಿನ ಹಚ್ಚಿ ಡಬ್ಬಿಗೆ ತುಂಬಿಕೊಂಡಿದ್ದೆ.

ಸಾವನೇರಿನವರು ಮಾತು ಉಳಿಸಿಕೊಂಡರು. ಜಾಲಿ ಕಟ್ಟಿಗೆಯನ್ನೇ ಹುಡುಕಿ ತಂದು, ನೀರು ಚಿಮುಕಿಸಿ ಹಚ್ಚಿದರು. ಬಿಳಿ ಹೊಗೆ ದಟ್ಟವಾಗಿ ಎದ್ದಿತು. ಮಾಂಸವನ್ನು ಡ್ರಮ್ಮಿನೊಳಗೆ ತೂಗುಹಾಕಿ ನಾನು ಹೊಗೆಗೆ ಮುಖವನ್ನೇ ಒಡ್ಡಿದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು, ಗಂಟಲು ಕಟ್ಟಿ ಕೆಮ್ಮು ಬಂತು.

"ಬಸ್, ಬೆಹನ್‌ಜಿ, ಹಿಂದೆ ಸರೀರಿ," ಎಂದು ಅವರು ಎರಡು ಸಲ ಕೈಮಾಡಿದರು. ನಾನು ಸರಿಯಲಿಲ್ಲ. ಮಧ್ಯಾಹ್ನದವರೆಗೆ ಹಾಗೇ ಇದ್ದೆ. ಆಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಉಪ್ಪಿತ್ತು, ಅಗಿದಷ್ಟೂ ನಾರು ಹಲ್ಲಿಗೆ ಸಿಗುತ್ತಿತ್ತು.

"ಇಲ್ಲ," ಎಂದೆ.

ತಪ್ಪು ಅವರದೇ ಎನ್ನುವಂತೆ ಆ ಹಿರಿಯರು ತಲೆ ತಗ್ಗಿಸಿದರು. ನನಗೆ ಆ ಡ್ರಮ್ಮನ್ನು ಒದೆಯಬೇಕೆನ್ನಿಸಿತು.

ವಾಪಸ್ ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಗಂಡನ ಭುಜಕ್ಕೆ ತಲೆ ಒರಗಿಸಿ, ಸುತ್ತ ನಿಂತ ಲಾರಿಯವರನ್ನೂ ಲೆಕ್ಕಿಸದೆ ಅತ್ತೆ. ಅವರು ಸಮಾಧಾನ ಹೇಳಲು ಹಿಂದಕ್ಕೆ ತಿರುಗಿದವರು ನನ್ನ ತಲೆಗೆ ಮೂಗು ತಾಗಿಸಿದರು.

"ನಿನ್ನ ತಲಿ ಅತ್ತಿ ಸೆರಗಿನಂಗ ನಾರಾಕತ್ತೈತಿ," ಎಂದರು. ಅತ್ತಿ ಎಂದರೆ ನನ್ನ ಅವ್ವ.

"ಬರೋಬರ್ ಹಂಗ ಐತೇನ್ರಿ?"

"ಬರೋಬರ್ ಹಂಗ."

ಅವರ ಕಣ್ಣೂ ಒದ್ದೆಯಾಗಿತ್ತು. ನನ್ನ ಅವ್ವ ಇವರ ಮೂಗಿಗೆ ಬಂದಳು, ನನಗೆ ಬರಲಿಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಗೇಟು ಎದ್ದು ಹಿಂದಿನವರು ಹಾರ್ನ್ ಹೊಡೆದರು.

ಮನೆಗೆ ಬಂದವಳೇ ಸಾವನೇರಿನವರಿಗೆ ಬರೆದೆ, ನನಗೂ ಅಂಥದೇ ಒಂದು ಡ್ರಮ್ ಕೊರೆದುಕೊಡಿ ಎಂದು. ಅಷ್ಟರಲ್ಲಿ ಗಂಡ ಬಚ್ಚಲಿನಿಂದ ಕೂಗಿದರು.

"ನೀರು ಕಾದಾವ, ತಲಿ ತೊಳಕೊ ಬಾ."

"ಇವತ್ತ ಬ್ಯಾಡ್ರಿ," ಎಂದು ಹೆರಳು ಬಿಚ್ಚಿ ಅವರ ಮುಂದೆ ಕೂತೆ. "ಇನ್ನೊಮ್ಮೆ ಮೂಸಿ ನೋಡಿ ಹೇಳ್ರಿ. ಅರಿಶಿಣದ್ದೂ ಬರತೈತೇನು?"